ಎರಡೂ ಕಲಿತವಳು

"ನೀವು ಯಾವ ಡಿಪಾರ್ಟ್‌ಮೆಂಟಮ್ಮ? ಮೊದಲು ಅದನ್ನ ಹೇಳಿ," ರಸಾಯನಶಾಸ್ತ್ರದ ಸೋಮಲಿಂಗಪ್ಪ ಮತ್ತೆ ಕೇಳಿದರು.

"ಕೆರಿ ನೀರೂ ಓದೀನ್ರಿ ಸರ, ಕೆರಿ ಕಾನೂನೂ ಓದೀನ್ರಿ," ಎಂದಳು ರಾಜಶ್ರೀ.

"ಕಾನೂನು ನಮ್ಮಲ್ಲಿಲ್ಲ."

"ಟೆಸ್ಟ್‌ಟ್ಯೂಬು ನಮ್ಮಲ್ಲೂ ಇಲ್ಲಪ್ಪ," ಎಂದು ಅರ್ಥಶಾಸ್ತ್ರದ ಉಮಾಮಹೇಶ್ವರಿ ನಕ್ಕರು. ಅಷ್ಟರಲ್ಲಿ ಉಪ್ಪಿಟ್ಟು ಬಂತು. ಅಧ್ಯಾಪಕ ಹುದ್ದೆಯ ಸಂದರ್ಶನ ಅಲ್ಲಿಗೆ ಸತ್ತಿತು.

ಸಮಿತಿಯ ಅಧ್ಯಕ್ಷ ಅನಂತರಾಮು ತಟ್ಟೆಯಿಂದ ಕಣ್ಣೆತ್ತಲಿಲ್ಲ. "ಎರಡೂ ಕಲಿ, ಮುಂದಿನ ಕಾಲ ಅಂಥವರದ್ದೇ" ಎಂದು ಹತ್ತು ವರ್ಷದ ಹಿಂದೆ ಅವಳಿಗೆ ಹೇಳಿದವರು ಇದೇ ಗುರುಗಳು. ಮತ್ತೊಮ್ಮೆ ಹುದ್ದೆ ಖಾಲಿಯಾಗುವ ಹೊತ್ತಿಗೆ ಅವಳ ವಯಸ್ಸು ಮೀರಿರುತ್ತದೆ. ಅದೂ ಅವರಿಗೆ ಗೊತ್ತಿತ್ತು.

ಸಂಜೆ ಜೆ.ಪಿ. ನಗರದ ಬಸ್‌ಸ್ಟಾಪಿನಲ್ಲಿ ಅವರೇ ಕಾರು ನಿಲ್ಲಿಸಿದರು. "ಹತ್ತು, ಬಿಟಿಎಂ ತನಕ ಬಿಡ್ತೀನಿ."

ಬನ್ನೇರುಘಟ್ಟ ರಸ್ತೆಯಲ್ಲಿ ಕಾರು ಸಿಕ್ಕಿಹಾಕಿಕೊಂಡಿತು.

"ಒಂದ್ ಮಾತ್ ಹೇಳಬಹುದಿತ್ತಲ್ರೀ ಸರ."

"ನನ್ ಸ್ಟೂಡೆಂಟನ್ನೇ ತಗೊಂಡೆ ಅಂತಾರಮ್ಮ."

"ನನ್ ಕೆಲಸ ಜಿನೀವಾ ಸಮ್ಮೇಳನಕ್ಕ ಒಯ್ಯುವಾಗ ನಾ ನಿಮ್ಮ ಸ್ಟೂಡೆಂಟು. ನೌಕ್ರಿ ಕೊಡುವಾಗ ಯಾರೋ ಏನ್ರಿ?"

ಅನಂತರಾಮು ಹಾರ್ನ್ ಒತ್ತಿದರು. "ಸಿಟ್ಟು ಆಮೇಲೆ ಮಾಡ್ಕೊ. ಹಿಂದಿನ ಸೀಟಲ್ಲಿ ನನ್ ಭಾಷಣ ಇದೆ. ಇವತ್ತೇ ಫ್ಲೈಟು. ಅಂಕಿಅಂಶ ಒಂದ್ಸಲ ನೋಡ್ಕೊಡು. ಬಂದ್ಮೇಲೆ ಮೂರು ತಿಂಗಳ ಕೆಲಸ ಏನಾದ್ರೂ ಹುಟ್ಟಿಸ್ತೀನಿ."

ಹಾಳೆಗಳ ಮೇಲೆ ಅವರೊಬ್ಬರದೇ ಹೆಸರಿತ್ತು. ಕೆಸರಿನಲ್ಲಿ ಮೊಣಕಾಲು ಹೂತುಕೊಂಡು ಅವಳು ವರ್ಷಗಟ್ಟಲೆ ತುಂಬಿದ ಕೆರೆ ನೀರಿನ ಬಾಟಲಿಗಳೆಲ್ಲ ಅಲ್ಲಿ 'ನಮ್ಮ ತಂಡ'ದ್ದಾಗಿದ್ದವು. ಹರಿದು ಕಿಟಕಿಯಾಚೆ ಎಸೆಯಬೇಕೆನಿಸಿತು. ಆದರೆ ಮೂರು ತಿಂಗಳ ಕೆಲಸವಾದರೂ ಬೇಕಿತ್ತು. ಪೆನ್ನಿನ ಮುಚ್ಚಳ ತೆಗೆದಳು.

"ಇಲ್ಲೇ ಮುಂದಿರೋ ಕೆರಿ ವಿಸ್ತೀರ್ಣ ತಪ್ಪೈತ್ರಿ. ಇದು ಹ್ವಾದ ವರ್ಷದ್ದು."

"ಹೌದಾ? ಈಗ ಎಷ್ಟು ಅಂತ ಬರಿ ಮತ್ತೆ."

ರಾಜಶ್ರೀ ತಲೆಯೆತ್ತಿದಳು. ಮುಂದೆ ಒಂದು ಲಾರಿ, ಒಡೆದ ಗೋಡೆಯ ತುಂಡುಗಳನ್ನು ಹೇರಿಕೊಂಡು, ಕೆರೆಯಂಗಳಕ್ಕೆ ಇಳಿಯುವ ಮಣ್ಣು ರಸ್ತೆಗೆ ತಿರುಗುತ್ತಿತ್ತು.

"ಬರಿಯಮ್ಮ, ಎಷ್ಟು?"

"ತಡೀರಿ ಸರ," ಎಂದಳು. ಆ ಲಾರಿಯ ಹಿಂದೆ ಇನ್ನೊಂದು ತಿರುಗಿತು.