ಅರ ತಿಂದ ತೂತು

“ಎಷ್ಟು ಬಂತು ಸಾರ್?” ಐತ ಕಾರಿನಡಿಯ ಗುಂಡಿಯೊಳಗಿಂದ ಕೇಳಿದ.

“ಹದಿನೈದು,” ಎಂದ ಕಿಟ್ಟು. ಕೀಲ್ಪಾಕ್‌ನ ಆ ವರ್ಕ್‌ಶಾಪು ಅವನದು. ಕೆಂಪು ಸ್ಪೋರ್ಟ್ಸ್ ಕಾರಿನ ಬಲ ಮುಂಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು, ಮಡ್‌ಗಾರ್ಡಿನಿಂದ ಇಳಿಬಿಟ್ಟ ತೂಗುಗುಂಡಿನ ದಾರಕ್ಕೂ ರಿಮ್ಮಿನ ಅಂಚಿಗೂ ಸ್ಕೇಲು ಹಿಡಿದು ನೋಡುತ್ತಿದ್ದ. ತಿರುವಿನಲ್ಲಿ ಟೈರು ನೆಲ ಕಚ್ಚಬೇಕಾದರೆ ಚಕ್ರದ ತಲೆ ಚೂರು ಒಳಕ್ಕೆ ಬಾಗಿರಬೇಕು; ಅದಕ್ಕೇ ಕ್ಯಾಂಬರ್ ಎನ್ನುವುದು. ಎಡಚಕ್ರ ಹದಿನೈದು ಮಿಲ್ಲಿಮೀಟರ್ ಬಾಗಿತ್ತು. ಬಲದ್ದೂ ಈಗ ಅದಕ್ಕೆ ಸಮ ಬಂದಿತ್ತು; ಇನ್ನು ಅಲ್ಲೇ ನಿಲ್ಲಬೇಕಿತ್ತು.

ಅಲೈನ್‌ಮೆಂಟ್ ಯಂತ್ರ ಇಲ್ಲದೇ ಇರಲಿಲ್ಲ. ಆದರೆ ಸ್ಪ್ರಿಂಗು ಬದಲಿಸಿ ನೆಲದ ಸಮೀಪಕ್ಕೆ ಇಳಿಸಿದ್ದ ಈ ಕಾರು ಯಂತ್ರದ ಇಳಿಜಾರು ಹತ್ತುವಾಗಲೇ ಮೂಗು ತಾಗಿಸಿಕೊಂಡಿತ್ತು. ಹಾಗಾಗಿ ಹಳೆಯ ಗುಂಡಿಯೇ ಗತಿ. ಐತ ಮೊದಲು ಇಳಿದು ನಿಂತ ಮೇಲೆ ಕಾರನ್ನು ಅವನ ತಲೆಯ ಮೇಲಕ್ಕೆ ತಳ್ಳಿ ತಂದಿದ್ದರು. ಅದರ ಹಿಂಭಾಗ ಮೆಟ್ಟಿಲುಗಳನ್ನು ಮುಚ್ಚಿತ್ತು. ನೆಲಕ್ಕೂ ಕಾರಿಗೂ ನಡುವೆ ಅಂಗೈ ತೂರುವಷ್ಟು ಜಾಗ. ಕಾರು ಸರಿಯದೆ ಐತ ಮೇಲೆ ಬರುವಂತಿರಲಿಲ್ಲ.

ಓಡಿಸುವವನ ಭಾರ ಇಟ್ಟೇ ಅಳೆಯಬೇಕೆಂದು ಸಂತೋಷ್‌ನನ್ನು ಸ್ಟೇರಿಂಗಿನ ಹಿಂದೆ ಕೂರಿಸಿದ್ದರು. ಪುರಸೈವಾಕ್ಕಂನ ಉಡುಪಿ ಹೋಟೆಲಿನ ಧಣಿಯ ಮಗ ಅವನು. ನಾಳೆ ಬೆಳಿಗ್ಗೆ ಶ್ರೀಪೆರುಂಬುದೂರಿನ ಟ್ರ್ಯಾಕಿನಲ್ಲಿ ಅವನ ಮೊದಲ ರೇಸು.

“ಐತಣ್ಣ, ಮುಡಿಂಜುದಾ? ಆಯ್ತಾ ಇಲ್ವಾ? ಕಾಲು ಜೋಮು ಹಿಡೀತು.”

“ಕೂತ್ಕೊ ಮಾರಾಯ. ಶೋಲಾವರದ ರೇಸಲ್ಲಿ ಒಬ್ಬ ರಾಜ ಹೀಗೇ ಕೂತಿದ್ದ. ತುಟಿಪಿಟಿಕ್ ಅನ್ಲಿಲ್ಲ.”

“ಎಂಟು ಸೆಕೆಂಡಿನ ಕಥೆ ತಾನೆ?”

“ಎಂಟೇ. ಅಷ್ಟ್ರಲ್ಲಿ ಅರ ಹಾಕಿ ತೂತು ತಿಕ್ಕಿದ್ದೆ, ಕಣ್ಣಳತೆಯಲ್ಲೇ ಚಕ್ರ ಬಾಗ್ಸಿದ್ದೆ, ರಾಜನ ಬಾಯಿಗೆ ಒಂದು ಬೀಡ ಸಹ ಇಟ್ಟಿದ್ದೆ.”

“ನೀನ್ ಇಲ್ಲಿ ಸೇರಿದಾಗ ಹನ್ನೆರಡು ಸೆಕೆಂಡು ಇತ್ತಪ್ಪಾ,” ಎಂದ ಕಿಟ್ಟು. “ಬೀಡಾನೂ ಇರ್ಲಿಲ್ಲ.”

ಸಂತೋಷ್ ಸೀಟಿನಲ್ಲಿ ಕುಲುಕಿ ಕುಲುಕಿ ನಕ್ಕ. ಐದು ವರ್ಷದವನಿದ್ದಾಗಿನಿಂದ ಅವನು ಈ ಕಥೆ ಕೇಳಿದ್ದ. ಕಾರು ಕೊಂಡಾಗ ಐತನಲ್ಲದೆ ಬೇರೆಯವರು ಮುಟ್ಟಕೂಡದೆಂದು ಹಟ ಹಿಡಿದದ್ದೂ ಅದಕ್ಕೇ.

“ಇರಪ್ಪಾ ಇರು,” ಕಿಟ್ಟು ಸ್ಕೇಲು ಒರೆಸಿ ಮತ್ತೆ ಹಿಡಿದ. “ಈಗ ಹತ್ತೊಂಬತ್ತು ತೋರಿಸ್ತಿದೆಯಲ್ಲ.”

ಐತನ ನಗು ಅಲ್ಲೇ ನಿಂತಿತು. ಚಕ್ರವನ್ನು ಸ್ಟ್ರಟ್ ಕಂಬಕ್ಕೆ ಬಿಗಿಯುವ ಮೇಲಿನ ಬೋಲ್ಟನ್ನು ಬೆರಳಿನಿಂದ ಸವರಿದ. ಅದು ಜರುಗಿತ್ತು. ಬರಿಯ ಒಂದು ನಗುವಿಗೆ ಜರುಗಿತ್ತು. ಬೆಳಿಗ್ಗೆ ಚಕ್ರ ಕಳಚಿ, ಅದು ಬಾಗಲು ಎಡೆಯಾಗಲೆಂದು ಈ ಬೋಲ್ಟಿನ ತೂತಿಗೆ ಅರ ಹಾಕುವಾಗ ಇದೇ ಕಥೆ ಹೇಳುತ್ತಿದ್ದ. ಬಾಯಿ ನಿಲ್ಲದೆ ಕೈಯೂ ನಿಂತಿರಲಿಲ್ಲ. ಕೂದಲೆಳೆಯಷ್ಟು ತಿಕ್ಕಬೇಕಾದಲ್ಲಿ ತೂತು ಹುಣಿಸೆಬೀಜದಷ್ಟು ಉದ್ದವಾಗಿತ್ತು. ವಾಷರ್ ಹಾಕಿ ಮುಚ್ಚಿದ್ದ.

ಚಕ್ರವನ್ನು ಒತ್ತಿ ಹಿಡಿದು, ಸ್ಪ್ಯಾನರಿಗೆ ಜೋತುಬಿದ್ದು ಬಿಗಿದ.

“ಹಾಂ, ಹದಿನೈದು,” ಎಂದ ಕಿಟ್ಟು. “ಸೆರಿ, ಸಾಕು ಬಿಡು. ಗಾಡಿ ತೆಗೀಲಾ?”

ಗುಂಡಿಯಲ್ಲಿ ಗಾಳಿ ಇರಲಿಲ್ಲ. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಆಯಿತು ಎಂದರೆ ಆಯಿತು. ಕಾರು ಸರಿಯುತ್ತದೆ, ಮೇಲೆ ಬರಬಹುದು, ಸಂಜೆ ಹೋಟೆಲಿನಲ್ಲಿ ಸಂತೋಷ್ ಎಲ್ಲರೆದುರು ಹೆಗಲಿಗೆ ಕೈ ಹಾಕಬಹುದು. ತಲೆಯ ಮೇಲೆ ಕೀಲಿ ತಿರುಗುವ ಸದ್ದು ಕೇಳಿಸಿತು.

“ಸಂತು, ಸ್ಟಾರ್ಟ್ ಮಾಡ್ಬೇಡ.”

“ಏನಾಯ್ತು ಐತಣ್ಣ?”

“ತೂತು ದೊಡ್ಡದಾಗಿದೆ. ನಾನೇ ಮಾಡಿದ್ದು. ಬೋಲ್ಟು ನಿಲ್ಲುದಿಲ್ಲ. ಜೋರಲ್ಲಿ ಬ್ರೇಕ್ ಹಾಕಿದ್ರೆ ಚಕ್ರ ಒಳಗೆ ಮಲಗ್ತದೆ. ಹೊಸ ಸ್ಟ್ರಟ್ಟೇ ಆಗ್ಬೇಕು.”

“ಅದು ಸಿಂಗಾಪುರದಿಂದ ಬರ್ಬೇಕು,” ಎಂದ ಕಿಟ್ಟು ಮೆಲ್ಲಗೆ. “ರೇಸ್ ನಾಳೆ.”

“ಪರವಾಗಿಲ್ಲ,” ಎಂದ ಸಂತೋಷ್. ಅವನ ದನಿಯಲ್ಲಿ ಇನ್ನೂ ನಂಬಿಕೆ ಇತ್ತು. “ಶೋಲಾವರಂನಲ್ಲಿ ಹೀಗಾದಾಗ ಏನ್ ಮಾಡಿದ್ರಿ? ಅದೇ ಮಾಡಿ.”

ಐತ ಕಾರಿನ ಹೊಟ್ಟೆಯನ್ನೇ ನೋಡುತ್ತ ನಿಂತ.

“ಶೋಲಾವರದಲ್ಲಿ ನಾನು ಕ್ಯಾಂಟೀನಲ್ಲಿ ಇದ್ದೆ,” ಎಂದ. “ಇಡ್ಲಿ ತಟ್ಟೆ ಎತ್ತುದು. ಕಾರು ನೋಡಿದ್ದು ಬೇಲಿಯ ಈಚೆಯಿಂದ.”

ಮೇಲೆ ಸಂತೋಷ್ ಕೀಲಿಯನ್ನು ಹಿಂದಕ್ಕೆ ತಿರುಗಿಸಿದ. ಹೊರಗೆ ರಸ್ತೆಯಲ್ಲಿ ಬಸ್ಸೊಂದು ಹಾರ್ನ್ ಹೊಡೆಯುತ್ತ ಹೋಯಿತು.

“ಯಾರ ಕ್ಯಾಂಟೀನು?”

“ನಿನ್ನ ಅಪ್ಪನದ್ದೇ.”

“ಅಪ್ಪನಿಗೆ ಗೊತ್ತಾ?”

“ಗೊತ್ತುಂಟು. ಒಂದು ದಿನವೂ ಬಿಟ್ಟು ಕೊಡ್ಲಿಲ್ಲ ಪುಣ್ಯಾತ್ಮ.”

ಬಾಗಿಲು ತೆರೆಯಿತು. ಸಂತೋಷ್ ಇಳಿದಾಗ ಕಾರು ಐತನ ತಲೆಯ ಮೇಲೆ ಒಂದು ಬೆರಳಿನಷ್ಟು ಎದ್ದಿತು. ಇಬ್ಬರೂ ಸೇರಿ ಅದನ್ನು ಮುಂದಕ್ಕೆ ತಳ್ಳಿದರು. ತಗಡಿನ ಸೂರಿನ ಸಂದಿನಿಂದ ಬೀಳುತ್ತಿದ್ದ ಮಧ್ಯಾಹ್ನದ ಬಿಸಿಲು ಒಂದೊಂದೇ ಮೆಟ್ಟಿಲಾಗಿ ಗುಂಡಿಗೆ ಇಳಿಯಿತು.

“ಮೇಲೆ ಬಾಪ್ಪಾ ಐತಾ,” ಎಂದು ಕಿಟ್ಟು ಕರೆದ.

ಗುಂಡಿಯ ಅಂಚಿನಲ್ಲಿ ಸಂತೋಷ್‌ನ ಬಿಳಿ ಬೂಟುಗಳು ನಿಂತಿದ್ದವು. ಅವು ಹೋಗಲೂ ಇಲ್ಲ, ಹತ್ತಿರ ಬರಲೂ ಇಲ್ಲ. ಐತ ಮೆಟ್ಟಿಲ ಕಡೆ ನೋಡಲಿಲ್ಲ. ಮೊಣಕೈಯ ಕೂದಲಲ್ಲಿ ಸಿಕ್ಕಿಕೊಂಡ ಕಬ್ಬಿಣದ ಪುಡಿ ಬಿಸಿಲಿಗೆ ಮಿನುಗುತ್ತಿತ್ತು. ಅವನು ಅದನ್ನು ಉಗುರಿನಿಂದ ಒಂದೊಂದಾಗಿ ಹೆಕ್ಕತೊಡಗಿದ.