ಕಡಿಯದ ಹುಂಜ

ಮಲಯ ಸೀಮೆಯ ಪಿನಾಂಗಿನ ಜಡ್ಜ್ ವೆದರ್ಬಿ ನಿವೃತ್ತನಾಗಿ ಊರು ಬಿಡುವಾಗ ಬಂದರಿನಲ್ಲಿ ಬ್ಯಾಂಡು ಬಾರಿಸಿದರಂತೆ. ನಮ್ಮ ಚೀನೀ ಸಾಹುಕಾರರು ಸಾಲಾಗಿ ನಿಂತು ಬೆಳ್ಳಿ ತಟ್ಟೆ ಕೊಟ್ಟರಂತೆ. ಕೊಡಲಿ. ಅವರ ಮನೆಯವರನ್ನು ಅವನು ಗಲ್ಲಿಗೆ ಕಳಿಸಿರಲಿಲ್ಲ.

ಮಲಾಕಾಕ್ಕೆ ಸಣ್ಣ ಮ್ಯಾಜಿಸ್ಟ್ರೇಟಾಗಿ ಬಂದಾಗ ಅವನಿಗೆ ಮೀಸೆ ಚಿಗುರುವ ವಯಸ್ಸು. ಈ ಸೀಮೆಯಲ್ಲೇ ತಲೆ ನರೆಯಿತು, ಹೊಟ್ಟೆ ಬಂತು. ನಾವಾಡುವ ಮಲಯ ಮಾತನ್ನೂ ಚೆನ್ನಾಗಿ ಕಲಿತ, ನಮ್ಮನ್ನು ಗದರುವುದಕ್ಕೆ. ದೊಡ್ಡ ಜಡ್ಜಾದ ಮೇಲೆ ಮಾಡಿದ ಮೊದಲ ಘನಕಾರ್ಯವೆಂದರೆ ಕೋರ್ಟಿನಲ್ಲಿ ಹುಂಜದ ಆಣೆ ನಿಲ್ಲಿಸಿದ್ದು. ನಮ್ಮವರು ಸಾಕ್ಷಿ ನುಡಿಯುವ ಮುಂಚೆ ಹುಂಜದ ಕತ್ತು ಕಡಿಯುತ್ತಾರೆ, ಸುಳ್ಳಾಡಿದರೆ ನನ್ನ ವಂಶಕ್ಕೂ ಇದೇ ಗತಿ ಎಂದು. "ನನ್ನ ಕೋರ್ಟು ಕಸಾಯಿಖಾನೆ ಅಲ್ಲ" ಎಂದ ಮಹಾರಾಯ. ಅಂದಿನಿಂದ ಬಾಯಿಮಾತಿನ ಪ್ರಮಾಣವೇ ಸಾಕಾಯಿತು. ಸುಳ್ಳುಗಾರರಿಗೆ ಹಬ್ಬ.

ಅವನ ಕೊನೆಯ ಕೇಸು ನನ್ನ ತಮ್ಮ ಸ್ವೀ ಚುವಾನನದು. ಅಕ್ಕಿ ಗೋದಾಮಿನ ಕಾವಲುಗಾರನ ಕೊಲೆಯಾಗಿತ್ತು. ಕತ್ತಿ ಬೀಸಿದ್ದು ಚುವಾನನೇ, ಕಣ್ಣಾರೆ ಕಂಡೆ ಎಂದವನು ನಮ್ಮ ಕೇರಿಯ ಬಾ ಹಿನ್ ಒಬ್ಬನೇ. ತಮ್ಮ ಆವತ್ತು ಜ್ವರ ಬಂದು ನನ್ನ ಮನೆಯಲ್ಲಿ ಮಲಗಿದ್ದ. ಅಕ್ಕನ ಮಾತನ್ನು ಯಾರು ಕೇಳುತ್ತಾರೆ? ಜಡ್ಜ್ ಗಲ್ಲು ಎಂದ, ಊಟಕ್ಕೆ ಎದ್ದ.

ನಾನು ಬಾ ಹಿನ್‌ನನ್ನು ದೇವಸ್ಥಾನಕ್ಕೆ ಕರೆಸಿದೆ. ಊರವರೆಲ್ಲರ ಎದುರು ಹುಂಜ ತಂದಿಟ್ಟೆ.

"ಕಡಿಯಪ್ಪಾ. ಕೋರ್ಟಲ್ಲಿ ಹೇಳಿದ್ದನ್ನೇ ಇಲ್ಲೂ ಹೇಳು."

"ಕೈ ನೋವು, ನಿಯೋ ಅಕ್ಕ."

"ಕೋರ್ಟಲ್ಲಿ ನಾಲಿಗೆ ನೋಯ್ಲಿಲ್ವಾ?"

ಅವನು ಹಿಂಬಾಗಿಲಿನಿಂದ ಓಟ ಕಿತ್ತ.

ಅದೇ ಹುಂಜವನ್ನು ಕಂಕುಳಲ್ಲಿ ಇಟ್ಟುಕೊಂಡು ಜಡ್ಜನ ಬಂಗಲೆಗೆ ಹೋದೆ. ಅವನು ಸಾಮಾನು ಕಟ್ಟಿಸುತ್ತಿದ್ದ. ಗವರ್ನರಿಗೆ ಅವನೊಂದು ಸಾಲು ಬರೆದರೆ ತಮ್ಮನ ಜೀವ ಉಳಿಯುತ್ತಿತ್ತು.

"ದೊರೆಗಳೇ, ಬಾ ಹಿನ್ ಆಣೆ ಹಾಕದೆ ಓಡಿಹೋದ. ಊರಿಗೂರೇ ನೋಡಿದೆ."

"ಆ ಹುಡುಗಾಟ ಎಲ್ಲ ನನ್ಹತ್ರ ಬೇಡ. ಅದು ಬರೀ ಕೋಳಿ."

"ಬರೀ ಕೋಳಿ ತಾನೆ? ಹಾಗಾದ್ರೆ ನೀವೇ ಕಡೀರಿ. ನನ್ನ ತೀರ್ಪು ನ್ಯಾಯವಾಗಿದೆ ಅಂತ ಹೇಳಿ ಕಡೀರಿ. ನಾನು ಬಾಯ್ಮುಚ್ಕೊಂಡು ಮನೆಗೆ ಹೋಗ್ತೀನಿ."

ಅವನು ನಕ್ಕ. ಅಡುಗೆಮನೆಯಿಂದ ಕತ್ತಿ ತರಿಸಿಕೊಂಡ. ಎಡಗೈಯಲ್ಲಿ ಹುಂಜದ ಕತ್ತು ಹಿಡಿದ. ಮೇಜಿನ ಮೇಲೆ ಅವನ ಹೆಂಡತಿ ಮಕ್ಕಳ ಫೋಟೋ ಇತ್ತು, ಕಣ್ಣು ಅತ್ತ ಹೋಯಿತು. "ನನ್ನ ತೀರ್ಪು" ಎಂದು ಶುರುಮಾಡಿದವನು ಅಲ್ಲೇ ನಿಂತ. ಕತ್ತಿ ಕೆಳಗಿಟ್ಟ.

"ಬಟ್ಟೆಗೆ ರಕ್ತ ಆಗುತ್ತೆ" ಎಂದ.

"ಹಾಗಾದ್ರೆ ಗವರ್ನರಿಗೆ ಬರೀರಿ."

"ತೀರ್ಪು ಕೊಟ್ಟಾಯ್ತು. ಹೊರಡು ನೀನು."

ಅವನಿಗೆ ಗೊತ್ತಾಗಿತ್ತು. ಗೊತ್ತಾದ ಮೇಲೂ ಬರೆಯಲಿಲ್ಲ. ತಿಳಿಯದೆ ಕೊಂದಿದ್ದರೆ ಮುಠ್ಠಾಳ ಎಂದು ಬಿಟ್ಟುಬಿಡುತ್ತಿದ್ದೆ. ಅವನ ಹಡಗು ಹೊರಟ ವಾರದಲ್ಲೇ ನನ್ನ ತಮ್ಮನನ್ನು ಗಲ್ಲಿಗೇರಿಸಿದರು.

ತಮ್ಮನ ತಿಥಿಗೆ ಸಂತೆಯಿಂದ ಬೇರೆ ಕೋಳಿ ತರುತ್ತೇನೆ. ಆ ಹುಂಜ ಮುದಿಯಾಗಿ ನನ್ನ ಹಿತ್ತಲಲ್ಲೇ ಕೆದಕಿಕೊಂಡಿದೆ. ಬಂದ ನೆಂಟರು, "ಇನ್ನೂ ಯಾಕೆ ಸಾಕ್ತಿದ್ದೀಯೆ ನಿಯೋ, ಕುಯ್ದುಬಿಡೇ" ಎನ್ನುತ್ತಾರೆ. ಅದನ್ನು ಕುಯ್ಯಬೇಕಾದವನು ಇಂಗ್ಲೆಂಡಿನಲ್ಲಿ ಪಿಂಚಣಿ ತಿಂದುಕೊಂಡು ಕೂತಿದ್ದಾನೆ ಎನ್ನುತ್ತೇನೆ.