ಮಾವನ ಕೈತುತ್ತು, ಸೊಸೆಯ ಒಲೆ

ದೂರದೇಶದ ಗುರಾಗೆ ಎಂಬ ಬೆಟ್ಟದ ಸೀಮೆಯಲ್ಲಿ ಮಾಂಸ ಕೊಚ್ಚುವುದರಲ್ಲಿ ಕೆರ್ಗಜ್ಜನನ್ನು ಮೀರಿಸುವವರು ಹುಟ್ಟಿಲ್ಲ, ಹುಟ್ಟುವ ಧೈರ್ಯವನ್ನೂ ಯಾರೂ ಮಾಡಿಲ್ಲ. ಅವನ ಚಾಕುವಿನ ಸದ್ದಿಗೆ ಮೂರು ಬೆಟ್ಟದಾಚೆಯ ನಾಯಿಗಳು ಬಾಲ ಅಲ್ಲಾಡಿಸುತ್ತವೆ. ಅವನು ಬೆರೆಸುವ ಮೆಣಸಿನ ಪುಡಿಯ ಘಾಟಿಗೆ ಹಾರುವ ಹದ್ದು ಸೀನಿ ಅಂಗಳಕ್ಕೆ ಬೀಳುತ್ತದೆ.

ಮೆಸ್ಕೆಲ್ ಹಬ್ಬದ ದಿನ ಅಜ್ಜ ದನದ ಹಸಿ ಮಾಂಸವನ್ನು ನುಣ್ಣಗೆ ಕೊಚ್ಚಿ, ಬೆಣ್ಣೆ, ಮೆಣಸು ಕಲಸಿ ಕಿತ್ಫೊ ಮಾಡಿದ. ಮೊದಲ ಕೈತುತ್ತನ್ನು ಸೊಸೆ ಅಮಾರೆಚ್‌ಳ ಬಾಯಿಗೆ ಹಿಡಿದ. ಹಿರಿಯರ ತುತ್ತಿಗೆ ಬಾಯಿ ಮುಚ್ಚಿದವರು ಆ ಊರಿನಲ್ಲಿ ಇಲ್ಲ. ಅಮಾರೆಚ್ ಮುಚ್ಚಿದಳು. ಏಳು ತಿಂಗಳ ಹೊಟ್ಟೆಯ ಮೇಲೆ ಕೈಯಿಟ್ಟು ಕೂತಳು.

"ಬೇಡ ಮಾವ. ಹಸೀದು ತಿನ್ನಲ್ಲ."

"ಏನಂದೆ? ನಿಮ್ಮತ್ತೆ ಇದನ್ನೇ ತಿಂದು ಆರು ಹೆತ್ತಳು. ಬಸುರಿಗೆ ರಕ್ತ ಆಗೋದೇ ಇದರಿಂದ ಕಣಮ್ಮ."

ಊಟಕ್ಕೆ ಬಂದಿದ್ದ ನೆರೆಮನೆಯ ಆರೋಗ್ಯ ಕಾರ್ಯಕರ್ತೆ ಮುಲುನೇಶ್ ರೊಟ್ಟಿ ಮುರಿಯುತ್ತಾ ಹೇಳಿದಳು: "ರಕ್ತ ಆಗೋದು ನಿಜ ಅಜ್ಜ. ಮಾಂಸದಲ್ಲಿ ಕಬ್ಬಿಣದಂಶ ಇದೆ, ಮೈ ಬೆಳೆಸೋ ಸತ್ವ ಇದೆ. ಬೇಯಿಸಿದ್ರೆ ಅವೇನೂ ಓಡಿಹೋಗಲ್ಲ. ಸಾಯೋದು ಲಾಡಿಹುಳ, ಕಣ್ಣಿಗೆ ಕಾಣದ ರೋಗಾಣು."

"ನನ್ನ ಮೆಣಸಿಗೆ ಹದ್ದೇ ಉರುಳುತ್ತೆ, ಹುಳ ಉಳಿಯುತ್ತಾ?"

"ಹುಳಕ್ಕೆ ಮೂಗಿಲ್ಲ ಅಜ್ಜ. ಮೆಣಸಿಗೂ ಸಾಯಲ್ಲ, ಸಾರಾಯಿಗೂ ಸಾಯಲ್ಲ. ಪ್ರತಿ ವರ್ಷ ಹಬ್ಬ ಮುಗಿದ ಮೇಲೆ ಹುಳದ ಔಷಧಿ ಕುಡಿದು ಒದ್ದಾಡೋರು ಯಾರು, ನಾನಾ?"

ಅಜ್ಜ ಕೆಮ್ಮಿದ. "ಆದ್ರೂ ಗೂಳಿ ಥರ ಇದೀನಲ್ಲ."

"ನೀವಿದ್ದೀರಿ. ಹೊಟ್ಟೇಲಿರೋ ಕೂಸು ಗೂಳಿ ಅಲ್ಲ. ಹಸಿ ಮಾಂಸದ ಕೆಲವು ರೋಗಾಣುಗಳಿಂದ ಬಸುರೇ ಇಳಿದುಹೋಗಬಹುದು."

ಅಮಾರೆಚ್ ಮಾವನ ಮುಖ ನೋಡಿದಳು. "ಹೋದ ಸಲದ ಕೂಸು ಉಳೀಲಿಲ್ಲ. ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ಈ ಸಲ ಗೊತ್ತಿರೋ ಅಪಾಯನ ನಾನು ನುಂಗಲ್ಲ ಮಾವ."

ಅವಳು ಕಿತ್ಫೊ ಬಟ್ಟಲು ಎತ್ತಿಕೊಂಡು ಒಲೆಯ ಮುಂದೆ ಕೂತಳು. ಒಂದು ಚೂರೂ ಕೆಂಪು ಉಳಿಯದಂತೆ, ಹಬೆಯಾಡುವ ತನಕ ಕೈಯಾಡಿಸಿ ಬೇಯಿಸಿದಳು. ತಂದು ಮಾವನ ಮುಂದಿಟ್ಟು ಬಾಯಿ ತೆರೆದಳು.

"ಈಗ ಕೊಡಿ."

ಅಜ್ಜ ತುತ್ತು ಕೊಟ್ಟ. ಆಮೇಲೆ ತಾನೂ ಒಂದು ತುತ್ತು ತಿಂದ, ಇನ್ನೊಂದು ತಿಂದ. ಸಂಜೆಯ ಹೊತ್ತಿಗೆ, ಕಿತ್ಫೊ ಬೇಯಿಸುವುದನ್ನು ಕಂಡುಹಿಡಿದವನು ತಾನೇ ಎಂದು ಊರಿಗೆಲ್ಲ ಸಾರಿ ಬಂದ. ಎರಡು ತಿಂಗಳಾದ ಮೇಲೆ ದಿನ ತುಂಬಿ ಹುಟ್ಟಿದ ಮೊಮ್ಮಗಳ ಅಳುವಂತೂ ಐದು ಬೆಟ್ಟ ದಾಟಿತು.

ಅಕ್ಕಂದಿರೇ, ಅಣ್ಣಂದಿರೇ, ಮಾಂಸ ತಿನ್ನುವ ಮನೆ ನಿಮ್ಮದಾದರೆ ಒಳಗೂ ಹೊರಗೂ ಪೂರ್ತಿ ಬೇಯಿಸಿ ತಿನ್ನಿ. ಹಸಿ ಮಾಂಸ ಮುಟ್ಟಿದ ಕೈ, ಚಾಕು, ಮಣೆಗಳನ್ನು ಸೋಪು ಹಚ್ಚಿ ತೊಳೆಯಿರಿ. ಬಸುರಿಗೆ, ಮಕ್ಕಳಿಗೆ ಹಸಿ ತುತ್ತು ಬೇಡವೇ ಬೇಡ. ಪ್ರೀತಿಯಿಂದ ತುತ್ತು ಕೊಡುವ ಕೈ ಮೊದಲು ಒಲೆ ಹಚ್ಚಲಿ.